ಇಳಿಸುವ ಕಲ್ಲಿನ ನಿಲ್ದಾಣ

"ಬಿಗಿಯಾಗಿ ಕಟ್ರುಲಾ. ಇನ್ನೊಂದು ಸುತ್ತು ಹಗ್ಗ ಬರ್ಲಿ. ನಡುವೆ ಎಲ್ಲೂ ಇಳ್ಸಂಗಿಲ್ಲ, ಒಂದೇ ಉಸ್ರಿಗೆ ಒಲದವರ್ಗೂ ಓಗ್ಬೇಕು," ಎನ್ನುತ್ತ ಧರ್ಮೇಂದ್ರ ಚಟ್ಟದ ಬಿದಿರಿಗೆ ಮೊಣಕಾಲು ಕೊಟ್ಟು ಹಗ್ಗ ಜಗ್ಗಿದ.

ಜಗಲಿಯ ಮೇಲೆ ಗಂಡನ ಹಣೆಗೆ ವಿಭೂತಿ ಬಳಿಯುತ್ತಿದ್ದ ಜಯಲಕ್ಷ್ಮಮ್ಮನ ಕೈ ಅಲ್ಲೇ ನಿಂತಿತು.

"ಏನಂದೆ ಧರ್ಮ?"

ಮೈದುನ ತಲೆಯೆತ್ತಲಿಲ್ಲ. "ಏನಿಲ್ಲ ಅತ್ಗೆ. ಕಟ್ಟೋದ್ನ ಯೋಳ್ತಿದ್ದೆ."

"ಇಳ್ಸಂಗಿಲ್ಲ ಅಂದ್ಯಲ್ಲ."

"ಊರ್ ಯಜಮಾನ್ರು ಯೋಳವ್ರೆ. ನಾನೇನ್ ಮಾಡ್ಲಿ?"

ಕಂಚಿನಕೊಪ್ಪಲಿನಲ್ಲಿ ಯಾರು ಸತ್ತರೂ ಚಟ್ಟವನ್ನು ಒಮ್ಮೆ ನಡುದಾರಿಯಲ್ಲಿ ಇಳಿಸಬೇಕು. ಪಾಂಡವಪುರದ ರಸ್ತೆಯ ಮಗ್ಗುಲಲ್ಲಿ, ಊರ ಮನೆಗಳು ಮುಗಿಯುವ ಕಡೆ, ಅದಕ್ಕೆಂದೇ ಒಂದು ಚಪ್ಪಡಿಯಿತ್ತು. ಇಳಿಸುವ ಕಲ್ಲು ಎಂದೇ ಅದರ ಹೆಸರು. ಅಲ್ಲಿ ಚಟ್ಟ ಇಳಿಸಿ, ಮುಖದ ಮೇಲಿನ ಬಟ್ಟೆ ಸರಿಸಿ, ಹೆಂಗಸರಿಗೆ ಕಡೆಯ ಸಲ ಮುಖ ತೋರಿಸುತ್ತಾರೆ. ಬಳಿಕ ತಲೆಯಿದ್ದ ಕಡೆಗೆ ಕಾಲು ಬರುವಂತೆ ಚಟ್ಟವನ್ನು ತಿರುಗಿಸಿ ಎತ್ತುತ್ತಾರೆ. ಹಾಗೆ ದಿಕ್ಕು ತಪ್ಪಿಸದಿದ್ದರೆ ಹೋದವನು ದಾರಿ ಗುರುತು ಹಿಡಿದು ಬಾಗಿಲಿಗೆ ಬಂದು ನಿಲ್ಲುತ್ತಾನೆ. ಒಳಗೆ ಬರಲೂ ಆಗದೆ, ಅತ್ತ ಹೋಗಲೂ ಆಗದೆ ಅಲೆಯುತ್ತಾನೆ. ಅಲ್ಲಿಂದ ಮುಂದಕ್ಕೆ ಗಂಡಸರು ಮಾತ್ರ ಹೋಗಬೇಕು. ಹೆಂಗಸರು ಹಿಂದಿರುಗಿ ನೋಡದೆ ಮನೆಗೆ ಮರಳಬೇಕು. ಕಲ್ಲು ಹೋಗಿ ವರ್ಷಗಳಾಗಿದ್ದರೂ ಜಾಗ ಹೋಗಿರಲಿಲ್ಲ. ಈಗಲೂ ಊರಿನ ಹೆಣಗಳನ್ನೆಲ್ಲ ಅಲ್ಲೇ, ಬರಿಯ ನೆಲದ ಮೇಲೆ ಇಳಿಸಿ ತಿರುಗಿಸುತ್ತಿದ್ದರು.

ಸಿದ್ದರಾಜುವನ್ನು ಮಾತ್ರ ಇಳಿಸುವಂತಿಲ್ಲ. ಏಕೆಂದರೆ ಆ ಕಲ್ಲನ್ನು ಕಿತ್ತವನು ಅವನೇ.

"ಮುಖ ನೋಡ್ಬೇಕು ಅಂದ್ರೆ ಈಗ್ಲೇ ನೋಡ್ಕೊ ಅತ್ಗೆ," ಎಂದ ಧರ್ಮೇಂದ್ರ, ಹಗ್ಗದ ಗಂಟಿಗೆ ಹೇಳುವವನಂತೆ.

"ಮನೇಲಿ ನೋಡಿದ್ದು ಮನೇಗಾಯ್ತು. ನಿಮ್ಮಣ್ಣ ಅಲ್ವೇನೋ ಇವ್ರು? ನೀನು ಇಳ್ಸು ಅಂದ್ರೆ ಇಳಿಸ್ತಾರೆ."

"ನಾಳೀಕೆ ನಾನೂ ಸಾಯ್ತೀನಿ ಅತ್ಗೆ. ಆಗ ನನ್ನ ಒರೋಕೆ ಊರ್ನೋರು ಬೇಕಾಯ್ತದೆ."

ಅಷ್ಟರಲ್ಲಿ ತೊಣ್ಣೂರಿನಿಂದ ಕುಳ್ಳಮ್ಮ ಬಂದಳು. ಸಿದ್ದರಾಜುವಿನ ಅಕ್ಕ. ಬೀದಿಯ ತಿರುವಿನಲ್ಲಿ ಆಟೊ ಇಳಿದು, ಚಾಲಕನೊಂದಿಗೆ ಚಿಲ್ಲರೆಗೆ ಜಗಳ ಮುಗಿಸಿ, ಅಂಗಳಕ್ಕೆ ಕಾಲಿಟ್ಟ ಕ್ಷಣವೇ ಎದೆ ಬಡಿದುಕೊಂಡಳು. "ಅಯ್ಯೋ ನನ್ನಪ್ಪಾ, ನನ್ನ ಬುಟ್ಟು ಒಂಟೋದ್ಯಲ್ಲೋ! ನನ್ನ ಕರ್ಕೊಂಡೋಗೋ!" ತಮ್ಮನ ಎದೆಯ ಮೇಲೆ ಬಿದ್ದು ಹೊರಳಾಡಿ, ಹಾಗೇ ಬಗ್ಗಿದ್ದಂತೆ ಜಯಲಕ್ಷ್ಮಮ್ಮನ ಕಿವಿಯಲ್ಲಿ, "ಏಟೊತ್ಗೆ ಎತ್ತಾರಂತೆ ಕಣಮ್ಮಿ? ಕೊಟ್ಗೇಲಿ ಅಸೀನ ಕರ ಕಟ್ದೆ ಬಂದ್ಬುಟ್ಟಿವ್ನಿ," ಎಂದಳು.

ಕೆ.ಆರ್. ಪೇಟೆಗೆ ಕೊಟ್ಟಿದ್ದ ಮಗಳು ಹೆತ್ತು ಹತ್ತು ದಿನವೂ ಆಗಿರಲಿಲ್ಲ. ಬಾಣಂತಿ ಸಾವಿನ ಮನೆಗೆ ಬರುವಂತಿಲ್ಲ. ಫೋನಿನಲ್ಲಿ ಅವಳು ಅತ್ತದ್ದನ್ನು ಕೇಳಿಸಿಕೊಂಡದ್ದಷ್ಟೆ. ಇನ್ನು ಈ ಅಂಗಳದಲ್ಲಿ ತನ್ನ ಪರವಾಗಿ ಬಾಯಿ ತೆರೆಯುವವರು ಯಾರೂ ಇಲ್ಲವೆಂದು ಜಯಲಕ್ಷ್ಮಮ್ಮನಿಗೆ ತಿಳಿಯಿತು.

*

ಸುತ್ತಲಿನ ಹಳ್ಳಿಗಳನ್ನು ಸೇರಿಸಿಕೊಂಡು ಕಂಚಿನಕೊಪ್ಪಲು ಪಟ್ಟಣವೆಂದು ಕರೆಸಿಕೊಂಡ ಹೊಸತರಲ್ಲಿ, ಪಟ್ಟಣವಾದ ಮೇಲೆ ಟೌನ್ ಬಸ್ಸು ಇರಬೇಕೆಂಬ ಮಾತು ಹುಟ್ಟಿತು. ಆಗ ಪಟ್ಟಣ ಪಂಚಾಯಿತಿಯ ಅಧ್ಯಕ್ಷನಾಗಿದ್ದವನು ಕೆಂಪಣ್ಣ. ಊರಿನ ಯಜಮಾನಿಕೆಯೂ ಅವನದೇ. ಎಲ್ಲೆಲ್ಲಿಗೋ ಓಡಾಡಿ, ಬ್ಯಾಟರಿಯಲ್ಲಿ ಓಡುವ ಎರಡು ಪುಟ್ಟ ಬಸ್ಸುಗಳನ್ನು ಊರಿಗೆ ದಕ್ಕಿಸಿಕೊಂಡ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆದರೆ ಬೀಡಿಯೊಂದು ಮುಗಿಯದ ಊರಿಗೆ ಎರಡು ಬಸ್ಸು.

ಬಸ್ಸು ಹೊರಡುವುದಕ್ಕೊಂದು ನಿಲ್ದಾಣ ಬೇಕಾಗಿತ್ತು. ಜಾಗ ನೋಡಲು ಬಂದ ಎಂಜಿನಿಯರು ಊರೆಲ್ಲ ಸುತ್ತಿದ. ಸರ್ಕಾರಿ ಜಾಗಗಳ ಮೇಲೆಲ್ಲ ಕೊಟ್ಟಿಗೆ, ಕೋಳಿ ಅಂಗಡಿ, ತಿಪ್ಪೆ, ಗುಡಿ ಎದ್ದಿದ್ದವು. ಕಡೆಗೆ ರಸ್ತೆಯ ಮಗ್ಗುಲಲ್ಲಿ, ಒಂದು ಹಳೆಯ ಚಪ್ಪಡಿಯ ಸುತ್ತ, ಯಾರೊಬ್ಬರೂ ಒಂದು ಗೂಟವನ್ನೂ ನೆಡದೆ ಬಿಟ್ಟಿದ್ದ ಅಗಲವಾದ ಜಾಗ ಕಂಡು ಅವನಿಗೆ ಆನಂದವಾಯಿತು. "ಎಂಥಾ ಪ್ರಾಮಾಣಿಕ ಜನ ರೀ ನೀವು! ಇಷ್ಟು ಒಳ್ಳೆ ಜಾಗ ಒತ್ತುವರಿ ಆಗ್ದೆ ಉಳಿದಿದೆ!" ಎಂದ. ಜೊತೆಗಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶುಭಕಾರ್ಯದ ಹೊತ್ತಿನಲ್ಲಿ ಹೆಣದ ಮಾತೆತ್ತಿದವನು ಆ ಕಾರ್ಯ ಕೆಟ್ಟರೆ ಹೊಣೆಯಾಗಬೇಕಾಗುತ್ತದೆ. ತಾನೇಕೆ ಹೇಳಲಿ, ಇನ್ನೊಬ್ಬ ಹೇಳಲಿ ಎಂದು ಪ್ರತಿಯೊಬ್ಬನೂ ಕಾದ. "ಒಳ್ಳೇ ಜಾಗ ಸಾರ್, ಗಾಳಿ ಚಂದಾಗ್ ಬತ್ತದೆ," ಎಂದನೊಬ್ಬ. ಅಲ್ಲಿಗೆ ಜಾಗ ಗೊತ್ತಾಯಿತು.

ಗುತ್ತಿಗೆದಾರನ ಆಳುಗಳು ಕಲ್ಲಿಗೆ ಹಾರೆ ಹಾಕಲು ಒಪ್ಪಲಿಲ್ಲ. ಆ ಸಂಜೆ ಕೆಂಪಣ್ಣ ಸಿದ್ದರಾಜುವಿನ ಜಗಲಿಗೆ ಬಂದು ಕೂತ. ಮಾಕವಳ್ಳಿಯ ಕಾರ್ಖಾನೆಗೆ ಕಬ್ಬು ಹೊಡೆಯಲು ಸಿದ್ದರಾಜು ಟ್ರಾಕ್ಟರು ಇಟ್ಟುಕೊಂಡಿದ್ದ ಕಾಲ ಅದು. ಕಬ್ಬಿನ ಸಾಲಿನಲ್ಲಿ ದಿನಗಟ್ಟಲೆ ನಿಂತು, ಟ್ರಾಕ್ಟರಿನಡಿಯೇ ಉಂಡು ಮಲಗಿ ಬರುತ್ತಿದ್ದವನಿಗೆ ಇದ್ದ ಆಸೆ ಒಂದೇ: ಖಾಕಿ ತೊಟ್ಟು, ದೊಡ್ಡ ಗಾಜಿನ ಹಿಂದೆ ಕೂತು, ಜನರನ್ನು ಕೂರಿಸಿಕೊಂಡು ಬಸ್ಸು ಓಡಿಸಬೇಕು. ಅದಕ್ಕೆ ಬೇಕಾದ ಲೈಸೆನ್ಸನ್ನೂ ಮಾಡಿಸಿ, ಪ್ಲಾಸ್ಟಿಕ್ ಹಾಳೆಯಲ್ಲಿ ಸುತ್ತಿ ಇಟ್ಟಿದ್ದ.

"ಒಂದು ಸರಪಣಿ ಹಾಕಿ ಎಳುದ್ಬುಡ್ಲಾ ಸಿದ್ದ," ಎಂದಿದ್ದ ಕೆಂಪಣ್ಣ, ಜಯಲಕ್ಷ್ಮಮ್ಮ ಕೊಟ್ಟ ಕಾಫಿ ಆರಿಸುತ್ತ. "ಮೊದಲ್ನೇ ಬಸ್ಸಿನ ಸೀಟು ನಿಂದೇ. ನಾನಿದ್ದೀನಿ."

"ಆ ಕಲ್ಲು, ಕೆಂಪಣ್ಣಾರೆ…"

"ಕಲ್ಲು ಕಲ್ಲೇ ಕಣ್ಲಾ. ಅದ್ಕೇನು ಕೊಂಬೈತಾ?"

ಸಿದ್ದರಾಜು ಹೆಂಡತಿಯ ಮುಖ ನೋಡಿದ. ಅವಳು ಬೇಡವೆನ್ನಬಹುದಿತ್ತು. ಅವಳ ಕಣ್ಣಿಗಾಗಲೇ ಇಸ್ತ್ರಿ ಮಾಡಿದ ಖಾಕಿ ಅಂಗಿಯೊಂದು ಗಳುವಿನ ಮೇಲೆ ತೂಗಾಡುತ್ತಿತ್ತು. "ಖಾಕಿ ನಿಮ್ಗೆ ಒಪ್ತದೆ," ಎಂದಳು.

ಮರುದಿನ ಬೆಳಿಗ್ಗೆ ಸರಪಣಿ ಬಿಗಿದು ಟ್ರಾಕ್ಟರು ಎಳೆದಾಗ ಚಪ್ಪಡಿ ಮೇಲೆದ್ದಿತು. ಅದನ್ನು ಒಡೆದು ತಳಪಾಯಕ್ಕೇ ತುಂಬಿದರು. ನೋಡಲು ಊರೇ ನೆರೆದಿತ್ತು. ಯಾರೂ ತಡೆಯಲಿಲ್ಲ. ಟ್ರಾಕ್ಟರಿನ ಮೇಲೆ ಕೂತವನು ಯಾರೆಂಬುದನ್ನು ಮಾತ್ರ ಎಲ್ಲರೂ ಕಣ್ಣು ತುಂಬ ನೋಡಿಕೊಂಡರು.

*

ಕೆಂಪಣ್ಣ ಬಿಳಿಯ ಪಂಚೆಯ ಚುಂಗನ್ನು ಕೈಯಲ್ಲಿ ಹಿಡಿದು ಅಂಗಳಕ್ಕೆ ಬಂದಾಗ ಕೂತಿದ್ದವರೆಲ್ಲ ಎದ್ದರು. ಹೆಣದ ಕೊರಳಿಗೆ ಹಾರ ಹಾಕಿ, ಕಣ್ಣು ಮುಚ್ಚಿ ಒಂದು ಗಳಿಗೆ ನಿಂತು, "ಒಳ್ಳೇ ಮನ್ಸ. ಡೇರಿಗೆ ಆಲು ಅಳೆದು ಬಂದು ಜಗಲಿ ಮ್ಯಾಲೆ ಕುಂತೋನು ಅಂಗೇ ಒರಗ್ದ್ನಂತೆ. ಪುಣ್ಯವಂತ," ಎಂದ. ತಲೆಗಳು ಆಡಿದವು.

ಜಯಲಕ್ಷ್ಮಮ್ಮ ಜಗಲಿಯಿಂದ ಇಳಿದು ಬಂದಳು.

"ಪುಣ್ಯವಂತ ಅಂತೀರಿ. ಮತ್ಯಾಕೆ ಇಳಿಸ್ಬ್ಯಾಡಿ ಅಂತೀರಿ?"

"ನಾನಂದಿದ್ದಲ್ಲ ಕಣವ್ವ. ಊರಂದಿದ್ದು. ಬಸವಣ್ಣನ ಗುಡಿ ಮುಂದೆ ಆದ ಮಾತು ಅದು. ಕಲ್ಲು ಕಿತ್ತೋನ ಎಣ ಆ ಜಾಗ್ದಲ್ಲಿ ಇಳೀಬಾರ್ದು. ದೇವ್ರ ಮುಂದೆ ಆಡಿದ್ದನ್ನ ಇವತ್ತು ಇಲ್ಲ ಅನ್ನಕ್ಕಾಯ್ತದಾ?"

"ಎಲ್ರಿಗಿಂತ ಮುಂಚೆ ಅದನ್ನ ಆಡಿದ್ದೋರು ನೀವು."

"ಊರ್ನೋರ ಪರವಾಗಿ ಆಡ್ದೆ."

"ಕಲ್ಲು ಕೀಳು ಅಂದಿದ್ದೋರೂ ನೀವೇ. ಈ ಜಗಲಿ ಮ್ಯಾಲೆ ಕುಂತು, ನಾನ್ ಕೊಟ್ಟ ಕಾಫಿ ಕುಡ್ಕೊಂಡು."

ತಮಟೆಯವನು ಕಾಯಿಸುತ್ತಿದ್ದ ತಮಟೆಯನ್ನು ಬೆಂಕಿಯಿಂದ ಹಿಂದಕ್ಕೆಳೆದುಕೊಂಡ. ಕೆಂಪಣ್ಣನಿಗೆ ಕೋಪ ಬರಲಿಲ್ಲ. ಅವನು ಸಾವಧಾನವಾಗಿ ಸುತ್ತಲಿನ ಮುಖಗಳನ್ನೆಲ್ಲ ನೋಡಿ, ಕಡೆಗೆ ಜಗಲಿಯ ಮೇಲೆ ಒರಗಿಸಿದ್ದ ಹೆಣದ ಕಡೆ ಗಲ್ಲ ಚಾಚಿ ತೋರಿಸಿದ.

"ಪೂಜೆ ಮಾಡಿ, ಮೆಲ್ಲಗೆ ಎತ್ತಿ ಪಕ್ಕಕ್ಕೆ ಮಡುಗು ಅಂದಿದ್ದೆ ಕಣವ್ವ. ಸರಪಣಿ ಆಕು ಅಂದ್ನಾ? ಬೇಕಾದ್ರೆ ಇಲ್ಲೇ ಅವ್ನಲ್ಲ, ನಿನ್ ಗಂಡನ್ನೇ ಕೇಳು. ಊಂ ಅಂದ್ರೆ ನಾನೇ ಇಳಿಸ್ತೀನಿ."

ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿನಲ್ಲಿ ಮುಚ್ಚಿಕೊಂಡರು. ಆ ನಗೆಯೊಂದು ಹೊರಬಿದ್ದದ್ದೇ ತಡ, ಅಂಗಳದ ಬಿಗಿ ಸಡಿಲಿತು.

"ಬುಡಕ್ಕ, ಬಸ್ ಡ್ರೈವರ್ಗೆ ಸ್ಟಾಪಿಲ್ದೆ ಓಗೋದು ಅಭ್ಯಾಸವೇಯ," ಎಂದನೊಬ್ಬ.

"ಎಕ್ಸ್‌ಪ್ರೆಸ್ ಕಣ್ಲಾ ಇದು!"

"ಏಯ್, ಬಾಯ್ಮುಚ್ರಲಾ, ಸಾವಿನ ಮನೆ," ಎಂದು ಗದರಿದ ಕೆಂಪಣ್ಣನ ಮೀಸೆಯೂ ಅಲುಗಿತು.

ಕುಳ್ಳಮ್ಮ ಜಯಲಕ್ಷ್ಮಮ್ಮನ ರಟ್ಟೆ ಹಿಡಿದು ಎಳೆದಳು. "ಸುಮ್ಕಿರಮ್ಮಿ. ಗಂಡಸ್ರ ಮುಂದೆ ಬಾಯ್ಮಾಡ್ತಾಳೆ, ಅದ್ಕೇ ಬೇಗ ಓದ ಅಂತಾರೆ."

*

ಬಸ್ಸು ಬಂದ ದಿನ ಸಿದ್ದರಾಜುವಿನ ಖಾಕಿಗೆ ಹೂವಿನ ಹಾರ ಬಿದ್ದಿತ್ತು. ಬಾಳೆಕಂದು ಕಟ್ಟಿದ ಬಸ್ಸಿನಲ್ಲಿ ಊರಿನ ಗಣ್ಯರೆಲ್ಲ ಪೂಜೆಯ ಸುತ್ತು ಹೊಡೆದರು. ಹತ್ತಿದ್ದು ಗುಡಿಯ ಮುಂದೆ, ಇಳಿದದ್ದೂ ಗುಡಿಯ ಮುಂದೆ. ನಿಲ್ದಾಣದ ಬಳಿ ಬಸ್ಸು ನಿಂತಾಗ ಒಬ್ಬರೂ ಕೆಳಗಿಳಿಯಲಿಲ್ಲ.

ಮರುದಿನದಿಂದ ಸಿದ್ದರಾಜು ತಾನೊಬ್ಬನೇ ನಿಲ್ದಾಣಕ್ಕೆ ಬಸ್ಸು ತಂದು ನಿಲ್ಲಿಸತೊಡಗಿದ. ಹಸಿರು ಬಣ್ಣದ ಕಂಬ, ಹೊಳೆಯುವ ಉಕ್ಕಿನ ಬೆಂಚು, ಮೇಲೆ ಬಾಗಿದ ತಗಡಿನ ಚಾವಣಿ. ಎಮ್ಮೆಗಳು ಸಹ ಅಲ್ಲಿ ನೆರಳಿಗೆ ಮಲಗುತ್ತಿರಲಿಲ್ಲ, ಮೇಯಿಸುವವರು ಹೊಡೆದೆಬ್ಬಿಸುತ್ತಿದ್ದರು. ಹೆಣ ಇಳಿಯುವ ಜಾಗದಿಂದ ಯಾವ ಮನುಷ್ಯ ತಾನೇ ಪಯಣ ಹೊರಡುತ್ತಾನೆ? ಆಸ್ಪತ್ರೆಗೆ ಹೋಗುವವರು, ಹೆಣ್ಣು ನೋಡಲು ಹೋಗುವವರು, ಪರೀಕ್ಷೆಗೆ ಹೋಗುವವರು ಅದನ್ನು ಬಳಸಿಕೊಂಡು ನಡೆದು ಹೋಗಿ, ಇನ್ನೂ ಮುಂದೆ ಮರದಡಿಯಲ್ಲಿ ಕೈ ಚಾಚುತ್ತಿದ್ದರು. ನಿಲ್ದಾಣದ ಹೊರಗೆ ಬಸ್ಸು ನಿಲ್ಲಿಸಕೂಡದೆಂದು ಸಿದ್ದರಾಜುವಿಗೆ ಅಪ್ಪಣೆಯಾಗಿತ್ತು. ಟ್ರಾಕ್ಟರಿನವನಾಗಿದ್ದರೆ ನಿಲ್ಲಿಸಿಬಿಡುತ್ತಿದ್ದನೇನೋ; ಖಾಕಿ ತೊಟ್ಟವನಾದ್ದರಿಂದ ನಿಲ್ಲಿಸಲಿಲ್ಲ. ಚಾಚಿದ ಕೈಗಳನ್ನು ದಾಟಿ ಖಾಲಿ ಬಸ್ಸು ಹೋಗುತ್ತಿತ್ತು. ಆ ಕೈಗಳು ಹಿಂದಿನಿಂದ ಕಲ್ಲು ತೂರತೊಡಗಿದವು.

ಆ ಚಳಿಗಾಲ ಊರಿನಲ್ಲಿ ಮುದುಕರು ಒಬ್ಬರ ಹಿಂದೊಬ್ಬರು ಸತ್ತರು. ಸಿದ್ದನ ಬಸ್ಸು ಬಾಗಿಲು ತೆಗೆದುಕೊಂಡು ನಿಂತು ಜನರನ್ನು ಕರೆಯುತ್ತಿದೆ ಎಂಬ ಮಾತೆದ್ದಿತು. ಗುಡಿಯ ಮುಂದೆ ಪಂಚಾಯ್ತಿ ಸೇರಿತು. ಬಸ್ಸು ತಂದವನು ಯಾರು ಎಂದು ಜನ ಕೇಳುವ ಮೊದಲೇ ಕೆಂಪಣ್ಣ ಎದ್ದು ನಿಂತು, ಕಲ್ಲು ಕಿತ್ತವನು ಯಾರು ಎಂದು ಕೇಳಿದ. ಅಲ್ಲಿಂದ ಬಸ್ಸುಗಳು ಬೀಗ ಹಾಕಿಸಿಕೊಂಡು ಕೂತವು. ಬ್ಯಾಟರಿ ಸತ್ತ ಮೇಲೆ ಲಾರಿಯ ಮೇಲೆ ಹೇರಿ ಎಲ್ಲಿಗೋ ಒಯ್ದರು.

ಟ್ರಾಕ್ಟರಿಗೆ ಕಬ್ಬು ಕೊಡುವವರಿಲ್ಲದೆ ಅದನ್ನು ಮಾರಿ ಸಿದ್ದರಾಜು ಹಸು ಕಟ್ಟಿದ. ಹಗ್ಗ ಬಿಚ್ಚುವ ಮೊದಲು, ಬಲಗಡೆಯ ಕನ್ನಡಿ ನೋಡುವವನಂತೆ ಒಮ್ಮೆ ಕತ್ತು ತಿರುಗಿಸುವ ಅಭ್ಯಾಸ ಮಾತ್ರ ಅವನಿಗೆ ಉಳಿಯಿತು. ಊರಿನ ಪ್ರತಿ ಸಾವಿಗೂ ಹೋಗುತ್ತಿದ್ದ. ನಿಲ್ದಾಣದ ಮುಂದೆ ಹೆಣ ಇಳಿಸುವ ಹೊತ್ತಿಗೆ ದೂರ ನಿಲ್ಲುತ್ತಿದ್ದ. "ಸಿದ್ದಾ, ಸ್ಟಾಪ್ ಬಂತು, ಸೀಟಿ ಊದ್ಲಾ," ಎಂದು ಹೊತ್ತವರು ಕೂಗಿದರೆ ಅವನೂ ನಗುತ್ತಿದ್ದ. ಮನೆಗೆ ಬಂದು ಮೈಮೇಲೆ ನೀರು ಹೊಯ್ದುಕೊಳ್ಳುವಾಗ ಒಮ್ಮೆ ಮಾತ್ರ, "ನನ್ನೂ ಅಲ್ಲಿ ಇಳ್ಸಿ ತಿರುಗಿಸ್ತಾರೆ ಅಲ್ವಾ ಜಯಾ? ಇಲ್ದಿದ್ರೆ ನಿಂಗೇ ಕಾಟ ಕೊಡ್ತೀನಿ," ಎಂದಿದ್ದ. ತಮಾಷೆಗೆ ಅಂದನೆಂದು ಅವಳು ಚೆಂಬು ತುಂಬಿ ಕೊಟ್ಟಿದ್ದಳು.

*

ಮಧ್ಯಾಹ್ನ ದಾಟುವಾಗ ಎತ್ತಿದರು. ಮೇಲುಕೋಟೆಯ ಬೆಟ್ಟದ ಕಡೆಯಿಂದ ಮೋಡ ಏರುತ್ತಿತ್ತು. "ಭರಣಿ ಮಳೆ ಕಣ್ರಲಾ, ಬಂದ್ರೆ ಬುಡಾದಲ್ಲ, ಕಾಲಾಕಿ," ಎಂದು ಕೆಂಪಣ್ಣ ಮುಂದೆ ನಡೆದ. ಬೆಂಕಿಯ ಕುಡಿಕೆ ಹಿಡಿದು ಧರ್ಮೇಂದ್ರ, ಅವನ ಹಿಂದೆ ತಮಟೆ, ಅದರ ಹಿಂದೆ ನಾಲ್ವರ ಹೆಗಲ ಮೇಲೆ ಸಿದ್ದರಾಜು. ಜಯಲಕ್ಷ್ಮಮ್ಮ ಹೆಂಗಸರ ಗುಂಪನ್ನು ಬಿಟ್ಟು ಚಟ್ಟದ ಮಗ್ಗುಲಿಗೇ ಬಂದು, ಹೊತ್ತವರಲ್ಲಿ ಒಬ್ಬನಾದ ಶ್ರೀರಂಗಪಟ್ಟಣದ ನೆಂಟನ ಪಕ್ಕದಲ್ಲಿ ಓಡುನಡಿಗೆಯಲ್ಲಿ ನಡೆದಳು.

"ಅಣ್ಣಾ, ನೀನು ಈ ಊರೋನಲ್ಲ. ನಿಂಗೇನು ಕಟ್ಟಿಲ್ಲ. ಆ ಜಾಗ ಬಂದಾಗ ಒಂದ್ಗಳಿಗೆ ಎಗಲು ತಗ್ಗಿಸ್ಬುಡು. ಮುಖ ನೋಡ್ಕೊತೀನಿ, ಅಷ್ಟೇಯ."

"ನಾನೊಬ್ನೇ ತಗ್ಗಿಸಿದ್ರೆ ಬಿದ್ದೋಯ್ತಾನೆ ಕಣಕ್ಕ," ಎಂದ ಆತ, ಏದುಸಿರಿನಲ್ಲಿ. ಅದು ನಿಜವೂ ಆಗಿತ್ತು.

ನಿಲ್ದಾಣ ಕಾಣಿಸಿತು. ಹಸಿರು ಬಣ್ಣ ಎದ್ದು ಹೋಗಿ ಕಂಬಗಳು ತುಕ್ಕು ಹಿಡಿದಿದ್ದವು. ಕೆಂಪಣ್ಣ ತಿರುಗಿ ಕೈ ಬೀಸಿದ. ತಮಟೆಯ ಗತ್ತು ಒಮ್ಮೆಲೇ ಬಿರುಸಾಯಿತು. ಹೊತ್ತವರು ಓಡತೊಡಗಿದರು. ಪೆಟ್ಟಿಗೆಯೊಳಗಿನ ಸರಕಿನಂತೆ ಗಂಡನ ತಲೆ ಹೂವಿನ ನಡುವೆ ಅತ್ತಿತ್ತ ಕುಲುಕುವುದು ಅವಳಿಗೆ ಕಂಡಿತು. ಅವಳೂ ಓಡಿದಳು. ಸೆರಗು ಜಾರಿತು, ಚಪ್ಪಲಿಯಿಲ್ಲದ ಕಾಲಿಗೆ ಜಲ್ಲಿ ನಟ್ಟಿತು. ಹಿಂದಿನಿಂದ ಕುಳ್ಳಮ್ಮ, "ಇಡ್ಕೊಳ್ರೇ ಅವ್ಳ್ನ, ಮುಂದಕ್ಕೋಗ್ಬಾರ್ದು!" ಎಂದು ಕೂಗುತ್ತಿದ್ದಳು. ಜಯಲಕ್ಷ್ಮಮ್ಮ ಚಟ್ಟದ ಬಿದಿರಿಗೆ ಕೈ ಹಾಕುವುದಕ್ಕೂ ಮಳೆ ಬೀಳುವುದಕ್ಕೂ ಸರಿಹೋಯಿತು.

ಹನಿಹನಿಯಾಗಿ ಬಂದ ಮಳೆಯಲ್ಲ ಅದು. ಗಾಳಿ, ಧೂಳು, ಆಲಿಕಲ್ಲು ಒಟ್ಟಿಗೇ ಮೇಲೆ ಬಿದ್ದವು. ಹೊಡೆತಕ್ಕೆ ತಮಟೆ ಬಾಯಿ ಮುಚ್ಚಿತು. ಕುಡಿಕೆಯ ಬೆಂಕಿ ಚುಂಯ್ಗುಟ್ಟಿತು. "ಆಲಿಕಲ್ಲು! ಆಲಿಕಲ್ಲು ಕಣ್ರಲಾ!" ಎಂದವನು ಕೆಂಪಣ್ಣ. ತಲೆಯ ಮೇಲೆ ಎರಡೂ ಕೈ ಹೊತ್ತು, ಆ ಊರಿನಲ್ಲಿ ಅಷ್ಟು ವರ್ಷ ಯಾರೂ ಕಾಲಿಡದಿದ್ದ ನಿಲ್ದಾಣದೊಳಕ್ಕೆ ಎಲ್ಲರಿಗಿಂತ ಮೊದಲು ನುಗ್ಗಿದವನೂ ಅವನೇ. ಅವನ ಹಿಂದೆ ತಮಟೆಯವರು, ಧರ್ಮೇಂದ್ರ, ನೆಂಟರು, ಹೆಂಗಸರು. ಹೊತ್ತ ನಾಲ್ವರು ಒಬ್ಬರನ್ನೊಬ್ಬರು ನೋಡಿದರು. ಡಾಂಬರಿನ ಮೇಲೆ ಚಟ್ಟವನ್ನು ಧಡಕ್ಕನೆ ಇಳಿಸಿ ಓಡಿದರು.

ಸಿದ್ದರಾಜು ಇಳಿದ. ಶಾಸ್ತ್ರಕ್ಕಲ್ಲ, ಮಳೆಗೆ.

ಜಯಲಕ್ಷ್ಮಮ್ಮ ಮೊಣಕಾಲೂರಿ ಮುಖದ ಬಟ್ಟೆ ಸರಿಸಿದಳು. ವಿಭೂತಿ ಕರಗಿ ಕಣ್ಣಿನ ಗುಣಿಯಲ್ಲಿ ನಿಂತಿತ್ತು. ಹೆಬ್ಬೆರಳಿನಲ್ಲಿ ಒರೆಸಿ ನೋಡಿದಳು. ನೋಡುತ್ತಿದ್ದಂತೆ ಮತ್ತೆ ತುಂಬಿತು. ಬಳಿಕ ಎದ್ದು, ನಿಲ್ದಾಣದ ಕಡೆ ತಿರುಗಿ, "ತಿರುಗಿಸ್ಬನ್ರಪ್ಪೋ! ಇಳ್ದಾಯ್ತಲ್ಲ, ಒಂದ್ಕೈ ಕೊಡ್ಬನ್ನಿ!" ಎಂದು ಕೂಗಿದಳು. ತಗಡಿನ ಮೇಲೆ ಆಲಿಕಲ್ಲಿನ ಸದ್ದು. ಕೇಳಿಸಲಿಲ್ಲವೆಂಬಂತೆ ನಿಲ್ಲಲು ಅದು ಎಲ್ಲರಿಗೂ ಅನುಕೂಲವಾಯಿತು. ಧರ್ಮೇಂದ್ರ ಆರಿದ ಕುಡಿಕೆಯನ್ನು ಊದುತ್ತಿದ್ದ.

ಅವಳೊಬ್ಬಳೇ ಕಾಲ ಕಡೆಯ ಬಿದಿರನ್ನು ಎರಡೂ ಕೈಯಲ್ಲಿ ಹಿಡಿದು ಎಳೆದಳು. ಚಟ್ಟ ಕದಲಿತು. ಮತ್ತೊಮ್ಮೆ ಎಳೆದಳು. ಜಾರಿ ಕೂತಳು, ಎದ್ದಳು, ಎಳೆದಳು. ಬದುಕಿದ್ದಾಗ ಎಂದೂ ಅಷ್ಟು ಭಾರವಿರದಿದ್ದ ಗಂಡ ರಸ್ತೆಗೆ ಅಡ್ಡಲಾಗಿ, ಅರ್ಧ ತಿರುಗಿ ನಿಂತ. ಅಲ್ಲಿಂದಾಚೆಗೆ ಅವಳ ರಟ್ಟೆಯಲ್ಲಿ ಕಸುವು ಉಳಿದಿರಲಿಲ್ಲ.

ನಾಗಮಂಗಲದ ಕಡೆಯಿಂದ ದೀಪ ಹಾಕಿಕೊಂಡು ಒಂದು ಖಾಸಗಿ ಬಸ್ಸು ಬಂತು. ಅಡ್ಡ ಬಿದ್ದಿದ್ದು ಏನೆಂದು ತಿಳಿಯದೆ ಚಾಲಕ ಬ್ರೇಕು ಒತ್ತಿದ. ಹಾರನ್ನು ಹೊಡೆದ. ಬಾಗಿಲು ತೆರೆದು ಇಣುಕಿದ ಕಂಡಕ್ಟರನಿಗೆ ಮಳೆಯ ಪರದೆಯಾಚೆ ನಿಲ್ದಾಣದಲ್ಲಿ ಒತ್ತಾಗಿ ನಿಂತ ಜನರು ಮಾತ್ರ ಕಂಡರು.

"ಪಾಂಡಪುರ, ಪಾಂಡಪುರ, ಪಟ್ಣ! ಬನ್ನಿ ಬನ್ನಿ, ಸೀಟೈತೆ!"

ಒಂದು ಗಳಿಗೆ ಯಾರೂ ಅಲುಗಲಿಲ್ಲ. ಆಮೇಲೆ ಕುಳ್ಳಮ್ಮ ಸೆರಗನ್ನು ತಲೆಗೆ ಎಳೆದುಕೊಂಡು ಓಡಿದಳು. ಮೆಟ್ಟಿಲ ಮೇಲೆ ನಿಂತು, "ಮೂರ್ದಿನದ ಆಲುತುಪ್ಪಕ್ಕೆ ಬತ್ತೀನಿ ಕಣಮ್ಮಿ ಜಯಾ! ಇದ ಬುಟ್ರೆ ತೊಣ್ಣೂರಿಗೆ ಇನ್ ಗಾಡಿ ಇಲ್ಲ!" ಎಂದು ಕೂಗಿ ಒಳಗೆ ಹೋದಳು. ಅವಳ ಹಿಂದೆ ಪರವೂರ ನೆಂಟರೆಲ್ಲ ಒಬ್ಬರನ್ನೊಬ್ಬರು ತಳ್ಳಿಕೊಂಡು ಹತ್ತಿದರು. ಕಟ್ಟಕಡೆಗೆ ಶ್ರೀರಂಗಪಟ್ಟಣದವನು, ಚಟ್ಟ ಹೊರಲೆಂದು ಟವಲು ಸುತ್ತಿಟ್ಟುಕೊಂಡಿದ್ದ ಸಿಂಬೆ ಇನ್ನೂ ಹೆಗಲ ಮೇಲಿರುವಂತೆಯೇ, ಬಾಗಿಲ ಕಂಬಿಗೆ ಜೋತುಬಿದ್ದ.

"ಒಳಕ್ಕೋಗಿ, ಒಳಕ್ಕೋಗಿ, ಮಧ್ಯ ಖಾಲಿ ಅದೆ. ರೈಟ್!"

ಬಸ್ಸು ಮುಂದಿನ ಚಕ್ರವನ್ನು ಕೆಸರಿಗಿಳಿಸಿ, ಚಟ್ಟವನ್ನು ಬಳಸಿ ಹೋಗಲು ನೋಡಿತು. ಜಾಗ ಸಾಲದೆ ನಿಂತು, ಮತ್ತೆ ಹಾರನ್ನು ಹೊಡೆಯಿತು. ಜಯಲಕ್ಷ್ಮಮ್ಮ ಒಮ್ಮೆ ಆ ದೀಪಗಳ ಕಡೆ ನೋಡಿ, ಬಾಗಿ, ಗಂಡನ ಕಾಲ ಕಡೆಯ ಬಿದಿರನ್ನು, ತಲೆಯಿದ್ದ ದಿಕ್ಕಿಗೆ, ಇನ್ನೊಂದು ಗೇಣು ಎಳೆದುಕೊಂಡಳು.